ಗೆರೆಯವರೆಗಿನ ನೀರು

ಈಗ ನಾನು ಹೇಳಹೊರಟಿರುವುದು ನಿಜವಾಗಿ ನಡೆಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಓದುವ ನಿಮಗೂ ಬರೆಯುವ ನನಗೂ ಒಂದು ಬಗೆಯ ನಿರಾಳ. ಗೊತ್ತಿರುವುದು, ಕೈಗೆ ಸಿಗುವುದು, ತಟ್ಟಿದರೆ ಸದ್ದು ಮಾಡುವುದು ಒಂದೇ: ನಮ್ಮ ಅಡುಗೆಮನೆಯ ಕಟ್ಟೆಯ ಮೇಲಿನ ಸ್ಟೀಲ್ ಡಬರಿ. ಹಿಂದೆ ಹಾಲು ಕಾಯಿಸುತ್ತಿದ್ದ, ಅಗಲ ಬಾಯಿಯ ಸಾಧಾರಣ ಡಬರಿ. ಈಗ ಅದರ ಒಳಮೈಯಲ್ಲಿ, ಅರ್ಧಕ್ಕಿಂತ ತುಸು ಮೇಲೆ, ಚುಕ್ಕೆಚುಕ್ಕೆಯಾಗಿ ಕೊರೆದ ಒಂದು ಗೆರೆಯಿದೆ. ನನ್ನ ಹೆಂಡತಿ ವಸುಧಾ ಅದನ್ನು ಸಹಕಾರನಗರದ ಪಾತ್ರೆ ಅಂಗಡಿಗೆ ಒಯ್ದು, ಪಾತ್ರೆಗಳ ಮೇಲೆ ಹೆಸರು ಕೊರೆಯುವವನ ಮುಂದಿಟ್ಟಾಗ ಅವನು ಯಂತ್ರ ಕೈಗೆತ್ತಿಕೊಂಡು, "ಯಾರ ಹೆಸ್ರು ಹಾಕ್ಲಿ ಮೇಡಂ?" ಅಂದನಂತೆ. "ಹೆಸ್ರು ಬೇಡಪ್ಪ, ಒಳಗಡೆ ಒಂದು ಗೆರೆ ಹಾಕು ಸಾಕು" ಅಂದಳಂತೆ ಇವಳು. ಅವನು ಡಬರಿಯನ್ನೂ ಇವಳನ್ನೂ ಒಮ್ಮೆ ನೋಡಿ, ಗೆರೆ ಕೊರೆದು, ಕಾಸು ಬೇಡವೆಂದನಂತೆ. ಹೆಸರಿಲ್ಲದ ಕೆಲಸಕ್ಕೆ ಏನು ಕೇಳಬೇಕೆಂದು ಅವನಿಗೆ ತೋಚಿರಲಿಕ್ಕಿಲ್ಲ.

ಆ ಗೆರೆಯವರೆಗಿನ ನೀರು ನನ್ನ ಒಂದು ದಿನದ ಪಾಲು. ಬೆಳಿಗ್ಗೆ ತುಂಬಿದರೆ, ಬಾಯಾರಿಕೆಗೂ ಮಾತ್ರೆಗೂ ಅದೇ, ಮುಗಿದರೆ ಮುಗಿಯಿತು. ಹೃದಯದ ಶಸ್ತ್ರಚಿಕಿತ್ಸೆಯಾದವರ ಮೈ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ದಣಿದ ಹೃದಯಕ್ಕೆ ಅಷ್ಟೂ ನೀರನ್ನು ತಳ್ಳುವ ಕಸುವು ಇರುವುದಿಲ್ಲ, ಆದ್ದರಿಂದ ಅಳೆದು ಕುಡಿಯಬೇಕು, ದಿನಾ ಬೆಳಿಗ್ಗೆ ತೂಕ ನೋಡಬೇಕು, ಮೊಳಕಾಲಿನ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಗುಳಿ ಬೀಳುತ್ತದೆಯೇ ಎಂದು ಪರೀಕ್ಷಿಸಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅಳೆಯುವ ಕೆಲಸ ನನಗೆ ಹೊಸದಲ್ಲ. ಮತ್ತಿಕೆರೆಯಲ್ಲಿ ಓದಿ, ಆಮೇಲೆ ಆಯುಷ್ಯದ ಬಹುಪಾಲು ರಸಾಯನಶಾಸ್ತ್ರ ಪಾಠ ಮಾಡಿದವನು ನಾನು. ಗಾಜಿನ ನಳಿಕೆಯಲ್ಲಿ ನೀರಿನ ಮೇಲ್ಮೈ ಒಳಬಾಗಿರುತ್ತದೆ, ಕಣ್ಣನ್ನು ಅದರ ಮಟ್ಟಕ್ಕೆ ತಂದು ಓದಬೇಕು, ಮೇಲಿನಿಂದ ನೋಡಿದರೆ ಒಂದು ಸುಳ್ಳು, ಕೆಳಗಿನಿಂದ ನೋಡಿದರೆ ಇನ್ನೊಂದು ಸುಳ್ಳು ಎಂದು ಎಷ್ಟು ಮಕ್ಕಳಿಗೆ ಹೇಳಿದ್ದೇನೋ. ಕಣ್ಣೇ ಮಟ್ಟ ತಪ್ಪಿದ್ದರೆ ಏನು ಮಾಡಬೇಕೆಂದು ಯಾವ ಹುಡುಗನೂ ಕೇಳಲಿಲ್ಲ.

ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯಲ್ಲಿ ನನ್ನ ಎದೆ ಸೀಳಿ, ಕಾಲಿನ ರಕ್ತನಾಳ ತೆಗೆದು ಹೃದಯಕ್ಕೆ ಹೊಲಿದರು. ಮರುದಿನ ಗಂಟಲಿನ ನಳಿಕೆ ತೆಗೆದು ಮಾತು ವಾಪಸು ಬಂದಾಗ ನಾನಿದ್ದದ್ದು ಕಿಟಕಿಯಿಲ್ಲದ ಐಸಿಯುನಲ್ಲಿ. ಅಲ್ಲಿ ಹಗಲೂ ಒಂದೇ, ಸಂಜೆಯೂ ಒಂದೇ. ಬೆಳಕು ಕಣ್ಣು ಮಿಟುಕಿಸುವುದಿಲ್ಲ. ಅಲ್ಲಿ ಮನುಷ್ಯನನ್ನು ಯಾರೂ ಹೆಸರು ಹಿಡಿದು ಕೇಳುವುದಿಲ್ಲ, ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಎಂದು ಮಾತ್ರ ಕೇಳುತ್ತಾರೆ. ಕೈಯ ಸೂಜಿಯಿಂದ ಇಳಿಯುವ ನೀರು, ಮೂತ್ರದ ಚೀಲ, ತುಟಿ ಒದ್ದೆ ಮಾಡಿದ ಒಂದು ಚಮಚ ನೀರು ಕೂಡ ಲೆಕ್ಕಕ್ಕೆ. ಎಲ್ಲಕ್ಕಿಂತ ಮುಖ್ಯವಾದದ್ದು ಮಂಚದ ಪಕ್ಕ ಕೆಳಗೆ ತೂಗುವ ಬಾಟ್ಲಿ. ಹೊಲಿದ ಮೇಲೂ ಎದೆಯೊಳಗೆ ರಕ್ತವೂ ನೀರೂ ಜಿನುಗುತ್ತಲೇ ಇರುತ್ತವೆ. ಅದು ಒಳಗೇ ನಿಲ್ಲದಿರಲೆಂದು ಪಕ್ಕೆಯ ಕೆಳಗಿನಿಂದ ಒಂದು ನಳಿಕೆ ಹೊರಟು ಆ ಬಾಟ್ಲಿಗೆ ಇಳಿಯುತ್ತದೆ. ಬಾಟ್ಲಿಯ ಮೈತುಂಬ ಗೆರೆಗಳು. ಮಲಗಿದಲ್ಲಿಂದ ಕತ್ತು ಹೊರಳಿಸಿದರೆ ನನಗೆ ಕಾಣುತ್ತಿದ್ದದ್ದು ಮೇಲಿನಿಂದ, ಅಂದರೆ ಸುಳ್ಳಾಗಿ.

ನನ್ನ ಬಲಗಡೆ ಒಂದು ಪರದೆ. ಪರದೆಯ ಆಚೆಗೆ ಆ ಮನುಷ್ಯ.

ಮುಖ ನೋಡಿದ ನೆನಪಿಲ್ಲ. ಪರದೆಯ ಸಂದಿನಲ್ಲಿ ಕಾಣುತ್ತಿದ್ದದ್ದು ಒಂದು ಊದಿದ ಕಾಲು, ಅದರ ಮೇಲೆ ಯಾರೋ ಒತ್ತಿ ಬಿಟ್ಟ ಹೆಬ್ಬೆರಳಿನ ಗುಳಿ, ಕೆಳಗೆ ತೂಗುವ ಕೆಂಪು ಬಾಟ್ಲಿ. ಆದರೆ ದನಿ ಮಾತ್ರ ನನ್ನ ಕಿವಿಯಲ್ಲಿ ಈಗಲೂ ಇದೆ: ಹಕಾರಗಳನ್ನೆಲ್ಲ ನುಂಗಿ ಮಾತಾಡುವ, ಊರ ಕಟ್ಟೆಯ ಮೇಲೆ ಕೂತು ಪಂಚಾಯಿತಿ ಮಾಡಿ ರೂಢಿಯಿದ್ದ, ಒರಟು ಸಲುಗೆಯ ದನಿ.

"ಸಾರ್, ನಿಮ್ದೆಷ್ಟಾಯ್ತು?"

"ಏನೆಷ್ಟು?"

"ಬಾಟ್ಲಿ ಕಣ್ ಸಾರ್. ನಂದು ಅರ್ಧಕ್ ಬಂತು. ಇದೇನ್ ಎದೇನೋ ಬೋರ್‌ವೆಲ್ಲೋ."

ನಗು ಬಂತು, ನಕ್ಕರೆ ಸೀಳಿದ ಎದೆಯ ಮೂಳೆ ಕಳಕ್ಕೆಂದು ನೋಯುತ್ತದೆ, ಆದ್ದರಿಂದ ಕೊಟ್ಟಿದ್ದ ದಿಂಬನ್ನು ಅವುಚಿಕೊಂಡು ನಕ್ಕೆ. ಅಂದಿನಿಂದ ನಮ್ಮಿಬ್ಬರ ನಡುವೆ ಬಾಟ್ಲಿಯ ಪೈಪೋಟಿ. ಯಾರದು ಕಡಿಮೆ ತುಂಬುತ್ತದೋ ಅವರು ಬೇಗ ಮನೆಗೆ ಎಂಬುದು ನಾವೇ ಮಾಡಿಕೊಂಡ ನಿಯಮ. ಅವರದು ಶೆಟ್ಟಿಹಳ್ಳಿ ಹತ್ತಿರವಂತೆ. ಜಮೀನಿದ್ದ ಕಡೆ ಈಗ ಕಟ್ಟಡಗಳಂತೆ. ಬಾಡಿಗೆಗಿರುವ ಹುಡುಗರು ನಲ್ಲಿ ತಿರುಗಿಸಿ ಬಿಟ್ಟು ಹೋಗುತ್ತಾರೆಂದು ಅವರಿಗೆ ಎದೆಯ ನೋವಿಗಿಂತ ದೊಡ್ಡ ಸಂಕಟ. "ಎಷ್ಟ್ ಬಿಲ್ಡಿಂಗ್ ಕಟ್ಟಿದ್ರೂ ಅಷ್ಟೇ ಸಾರ್, ಊರಾಗೆ ನಮ್ದು ಈಗ್ಲೂ ನೀರಗಂಟೋರ ಮನೇನೇ" ಅಂದರು. ನೀರಗಂಟಿ ಎಂದರೆ ಕೆರೆಯ ತೂಬು ಕಾಯುವವನು: ಎಷ್ಟು ನೀರು ನಿಂತಿದೆ, ಯಾರ ಗದ್ದೆಗೆ ಎಷ್ಟು ಬಿಡಬೇಕು, ಯಾವಾಗ ತೂಬು ಎತ್ತಬೇಕು ಎಂದು ನೋಡಿಕೊಳ್ಳುವ ಹಳೆಯ ಹೊಣೆ. ಅವರ ತಾತ ಅದನ್ನು ಮಾಡುತ್ತಿದ್ದರಂತೆ. "ಈ ಸಿಸ್ಟರ್ ಬಂದು ಬಾಟ್ಲಿ ನೋಡ್ತಾಳಲ್ಲ, ಅಂಗೇ ನೋಡೋರು ಸಾರ್ ನಮ್ ತಾತ. ಒಂದ್ ಮಾತಿಲ್ಲ, ಒಂದ್ ನಗು ಇಲ್ಲ."

ಮೀನಿನ ವಿಷಯ ಬಂದದ್ದು ಆಗ. ಅವರ ಕೆರೆಯ ತೂಬಿನ ಕಲ್ಲುಕಂಬದಲ್ಲಿ ಒಂದು ಮೀನು ಕೆತ್ತಿದೆಯಂತೆ. ಏರುವ ನೀರು ಮೀನಿನ ಬಾಯಿ ಮುಟ್ಟಿದರೆ ತೂಬು ಎತ್ತಬೇಕೆಂದು ಕಟ್ಟಳೆ. ಒಂದು ಕಾಲಕ್ಕೆ ಕೆರೆಯ ಏರಿ, ಅಂದರೆ ಮಣ್ಣಿನ ಕಟ್ಟೆ, ಒಡೆದು, ಮತ್ತೆ ಕಟ್ಟುವ ಆತುರದಲ್ಲಿ ಆ ಕಂಬವನ್ನು ಬುಡ ಮೇಲಾಗಿ ನಿಲ್ಲಿಸಿಬಿಟ್ಟರಂತೆ.

"ನಮ್ ಕೆರೇಲಿ ಮೀನು ತಲೆಕೆಳ್ಗೆ ಐತೆ ಸಾರ್. ಬಾಲ ಮ್ಯಾಲೆ, ಬಾಯಿ ಕೆಳ್ಗೆ."

"ಮತ್ತೆ ಸರಿ ಮಾಡ್ಬೋದಿತ್ತಲ್ಲ?"

"ಒಡೆದ ಕೆರೆ ಕಟ್ಟಿದ್ ಕಲ್ಲು, ಎರಡ್ನೇ ಸಲ ಮುಟ್ಟಂಗಿಲ್ಲ. ಆದ್ರೂ ಒಳ್ಳೇದೇ ಆಯ್ತು ಬುಡಿ. ಬಾಯಿ ಕೆಳ್ಗಿದ್ರೆ ನೀರು ಬೇಗ ಮುಟ್ತದೆ, ತೂಬು ಬೇಗ ಎತ್ತಾರೆ. ಆಮೇಲ್ ಯಾವತ್ತೂ ಒಡೀಲಿಲ್ಲ."

ತಪ್ಪು ಅಳತೆಯೇ ಕೆರೆಯನ್ನು ಕಾಯಿತು ಎಂಬ ಮಾತು ನನ್ನಂಥ ಅಳತೆಯ ಮನುಷ್ಯನಿಗೆ ಅಷ್ಟೇನೂ ಹಿಡಿಸಲಿಲ್ಲ. ವಾದ ಮಾಡುವ ತ್ರಾಣ ಇರಲಿಲ್ಲ, ಬಾಟ್ಲಿ ನೋಡಿದೆ. ನನ್ನದು ನಿಂತಿತ್ತು. ನಳಿಕೆಯಲ್ಲಿ ಜಿನುಗುತ್ತಿದ್ದ ಕೆಂಪು ಅಲ್ಲಲ್ಲೇ ಗಟ್ಟಿಯಾದಂತೆ ಕೂತಿತ್ತು. ಗೆದ್ದೆ ಎನಿಸಿ, "ನಂದು ನಿಂತೇಹೋಯ್ತು, ನಾನು ನಾಳೆ ಮನೆಗೆ" ಅಂದೆ.

ಪರದೆಯ ಆಚೆಯಿಂದ ಈ ಸಲ ಬಂದ ದನಿಯಲ್ಲಿ ಸಲುಗೆ ಇರಲಿಲ್ಲ.

"ತೂಬ್ನಾಗೆ ನೀರು ನಿಂತ್ರೆ ಕೆರೆ ಬತ್ತೈತೆ ಅಂತ ಅಲ್ಲ ಸಾರ್. ಮೊದ್ಲು ಏರಿ ಕಡೆ ನೋಡ್ಬೇಕು. ಕೂಗಿ ಏಳಿ ಆ ಸಿಸ್ಟರ್ ಯಮ್ಮಂಗೆ. ಒಳ್ಗೆ ತುಂಬ್ತಾ ಐತೆ."

ಕೂಗಿದೆನೋ ಇಲ್ಲವೋ. ನೆನಪಿರುವುದು ಇಷ್ಟು: ಗಡಿಬಿಡಿಯ ಹೆಜ್ಜೆಗಳು, ಮಂಚದ ಚಕ್ರಗಳ ಬ್ರೇಕ್ ಬಿಚ್ಚಿದ ಸದ್ದು, ಪರದೆ ಸರ್ರನೆ ಸರಿದದ್ದು. ಅವರನ್ನು ಕರೆದುಕೊಂಡು ಹೋಗುತ್ತಿದ್ದಾರೆ, ಪಾಪ, ಎಂದುಕೊಂಡೆ. "ಬತ್ತೀನಿ ಸಾರ್" ಎಂದರು. ಹೋಗುತ್ತಿದ್ದದ್ದು ಅವರು, ಆದರೆ ಮೇಲೆ ಚಾವಣಿಯ ದೀಪಗಳು ಒಂದೊಂದಾಗಿ ಹಿಂದಕ್ಕೆ ಸರಿಯುತ್ತಿದ್ದದ್ದು ನನ್ನ ಕಣ್ಣ ಮುಂದೆ. ಅದು ಹೇಗೆಂದು ಆಗ ಹೊಳೆಯಲಿಲ್ಲ.

ಹೋದದ್ದು ನಾನೇ. ನಳಿಕೆ ಕಟ್ಟಿಕೊಂಡು, ಜಿನುಗಿದ್ದೆಲ್ಲ ಹೃದಯದ ಸುತ್ತ ತುಂಬಿ ಅದನ್ನು ಹಿಸುಕುತ್ತಿತ್ತಂತೆ. ಮತ್ತೆ ಎದೆ ತೆರೆದು ತೊಳೆದರು. ಎಷ್ಟೋ ದಿನಗಳ ಮೇಲೆ ವಾರ್ಡಿನಲ್ಲಿ ಗಂಜಿ ಕುಡಿಸುತ್ತಿದ್ದ ವಸುಧಾಳನ್ನು, "ಪಕ್ಕದ ಬೆಡ್ಡಿನ ಯಜಮಾನರು ಹೇಗಿದ್ದಾರೆ?" ಎಂದು ಕೇಳಿದೆ. ಚಮಚ ಗಾಳಿಯಲ್ಲೇ ನಿಂತಿತು.

"ಯಾವ ಯಜಮಾನರು?"

"ಅವರೇ, ನೀರಗಂಟೋರ ಮನೆಯೋರು."

"ರೀ, ನಿಮ್ಮ ಪಕ್ಕ ಯಾರೂ ಇರಲಿಲ್ಲ. ನಾನು ದಿನಾ ಒಳಗೆ ಬಂದು ನೋಡಿದ್ದೀನಿ. ಇದನ್ನ ಡಾಕ್ಟರ್ ಮುಂದೆ ಹೇಳ್ಬೇಡಿ."

ಅವಳ ಭಯ ನನಗೆ ಅರ್ಥವಾಯಿತು. ಹೃದಯ ರಿಪೇರಿಯಾಗಿ ಬಂದ ಗಂಡನ ತಲೆ ಎಲ್ಲೋ ದಾರಿಯಲ್ಲಿ ಉಳಿದುಬಿಟ್ಟಿತೇ ಎಂಬ ಭಯ. ನನ್ನ ಭಯ ಬೇರೆಯದು. ನಾನು ಬದುಕಿರುವುದು ಯಾರೋ ಹೇಳಿದ ಒಂದು ಮಾತಿನ ಮೇಲೆ. ಹೇಳಿದವರು ಇದ್ದರೆ, ಅವರು ಏನಾದರು, ಬದುಕಿದ್ದಾರೆಯೇ? ಇರಲೇ ಇಲ್ಲವಾದರೆ, ಹೇಳಿದ್ದು ಯಾರು? ಈ ಎರಡರಲ್ಲಿ ಒಂದಕ್ಕೆ ಉತ್ತರ ಸಿಗದ ಹೊರತು ನನ್ನ ತಲೆಯನ್ನು ನಾನು ನಂಬುವಂತಿರಲಿಲ್ಲ. ಆಯುಷ್ಯವೆಲ್ಲ ನಂಬಿದ್ದು ಅದೊಂದನ್ನೇ.

ಮನೆಗೆ ಬಂದ ಮೇಲೆ ಇನ್ನೊಂದು ಶುರುವಾಯಿತು. ಡಬರಿಯ ಗೆರೆ ಮೀರಿ ಒಂದು ಗುಟುಕೂ ಕುಡಿಯದಿದ್ದರೂ ದಿನಾ ಬೆಳಿಗ್ಗೆ ತೂಕ ಏರುತ್ತಿತ್ತು. ತೂಕದ ಯಂತ್ರದ ಮೇಲೆ ನಿಲ್ಲುವ ನನ್ನೊಳಗೆ ಇನ್ನೊಬ್ಬರು ಮೆಲ್ಲಗೆ ಹತ್ತಿ ನಿಲ್ಲುತ್ತಿದ್ದಂತೆ. ಕಾಲು ಒತ್ತಿದರೆ ಬಿದ್ದ ಗುಳಿ ಬೇಗ ತುಂಬಿಕೊಳ್ಳದು. ನಾನು ಹೆಬ್ಬೆರಳು ತೆಗೆದ ಮೇಲೂ ಕಾಣದ ಇನ್ನೊಂದು ಹೆಬ್ಬೆರಳು ಅಲ್ಲೇ ಒತ್ತಿಕೊಂಡಿದೆಯೋ ಎಂಬಷ್ಟು ತಡವಾಗಿ ಅದು ಮೇಲೇಳುತ್ತಿತ್ತು. ಒಂದು ಬೆಳಿಗ್ಗೆ ನನ್ನ ಆ ಊದಿದ ಕಾಲನ್ನೇ ನೋಡುತ್ತ ಕೂತಾಗ, ಪರದೆಯ ಸಂದಿನಲ್ಲಿ ಕಂಡ ಕಾಲು ಇದೇ ಎಂದು ಗೊತ್ತಾಗಿ ಪಂಚೆ ಎಳೆದು ಮುಚ್ಚಿಕೊಂಡೆ. ಅದೇ ಊತ, ಅದೇ ಗುಳಿ, ಅದೇ ಜಾಗ.

ಡಾಕ್ಟರ ಬಳಿ ಹೋದೆವು. ಅವರು ನನ್ನನ್ನು ಮುಂದಕ್ಕೆ ಬಾಗಿಸಿ ಕೂರಿಸಿ, ಬೆನ್ನಿನ ಮೇಲೆ ಒಂದು ಬೆರಳಿಟ್ಟು ಇನ್ನೊಂದರಿಂದ ತಟ್ಟುತ್ತ ಕೆಳಗಿಳಿದರು. ಮೇಲೆ ಟಣ್ ಎನ್ನುತ್ತಿದ್ದ ಸದ್ದು ಒಂದು ಕಡೆ ದಬ್ ಎಂದಿತು. ವಸುಧಾಳೂ ನಾನೂ ಮುಖ ನೋಡಿಕೊಂಡೆವು. ನಮ್ಮ ಬಡಾವಣೆಯಲ್ಲಿ ಟ್ಯಾಂಕರು ತರಿಸುವ ಮುನ್ನ ಪ್ರತಿ ಮನೆಯವರೂ ಮಹಡಿ ಹತ್ತಿ ಕಪ್ಪು ಪ್ಲಾಸ್ಟಿಕ್ ಟ್ಯಾಂಕನ್ನು ಮೇಲಿನಿಂದ ಕೆಳಗೆ ತಟ್ಟಿ, ದಬ್ ಎಂದ ಕಡೆ ನೀರಿನ ಮಟ್ಟ ಎಂದು ತಿಳಿಯುವುದು ಹೀಗೆಯೇ.

"ಇಲ್ಲಿವರೆಗೆ ನೀರಿದೆ. ದಿನಕ್ಕೆ ಎಷ್ಟು ಕೊಡ್ತಿದ್ದೀರಮ್ಮ?"

"ಗೆರೆ ಹಾಕ್ಸಿ ಅಷ್ಟೇ ಕೊಡ್ತಿದ್ದೀನಿ ಡಾಕ್ಟ್ರೇ, ಒಂದು ತೊಟ್ಟು ಹೆಚ್ಚಿಲ್ಲ."

"ಅದು ಬಿಟ್ಟು?"

"ಅದು ಬಿಟ್ಟು ನೀರೇ ಕೊಡಲ್ಲ. ಬಾಯಾರಿಕೆ ಅಂದ್ರೆ ಪಾಪ, ಮಜ್ಜಿಗೆ ಕೊಡ್ತೀನಿ. ಮಧ್ಯಾಹ್ನ ತಿಳಿಸಾರು ಒಂದು ಲೋಟ. ಸಂಜೆ ಗಂಜಿ."

"ಅದೆಲ್ಲ ನೀರಲ್ವೇನಮ್ಮ?"

"ಅದು ಊಟ ಅಲ್ವಾ?" ಎಂದಳು ವಸುಧಾ, ನಿಜವಾಗಿಯೂ ಅರ್ಥವಾಗದೆ. ನಾನೂ, ರಸಾಯನಶಾಸ್ತ್ರದವನು, ಲೋಟಗಟ್ಟಲೆ ಕುಡಿದಿದ್ದೆ. ಮಜ್ಜಿಗೆಯನ್ನು ನೀರೆಂದು ಲೆಕ್ಕ ಹಿಡಿಯುವುದು ನಮ್ಮ ಸೀಮೆಯಲ್ಲಿ ಹುಟ್ಟಿದ ಯಾವ ತಲೆಗೂ ಹೊಳೆಯುವಂಥದ್ದಲ್ಲ.

ಮಜ್ಜಿಗೆ ಗೆರೆಯೊಳಗೆ ಬಂತು, ತೂಕ ಇಳಿಯಿತು, ಕಾಲಿನ ಗುಳಿ ಬೆರಳು ತೆಗೆದ ಕೂಡಲೇ ಮುಚ್ಚಿಕೊಳ್ಳತೊಡಗಿತು. ನನ್ನಲ್ಲಿನ ಸಂಶಯವಾದಿಗೆ ಅಂದು ಹಬ್ಬ. ಪ್ರತಿಯೊಂದು ವಿಚಿತ್ರದ ಹಿಂದೆಯೂ ಒಂದು ಮಜ್ಜಿಗೆಯ ಲೋಟ ಅಡಗಿರುತ್ತದೆ, ಹುಡುಕುವ ತಾಳ್ಮೆ ಬೇಕು ಅಷ್ಟೇ ಎಂದು ವಸುಧಾಳಿಗೆ ಉಪನ್ಯಾಸ ಕೊಟ್ಟೆ. ಹಾಗಿದ್ದರೆ ಪರದೆಯಾಚೆಯ ಮನುಷ್ಯನ ಹಿಂದಿನ ಮಜ್ಜಿಗೆ ಯಾವುದು? ಅದನ್ನು ಹುಡುಕಲು ಹೊರಟೆ.

ಅರ್ಧ ಸುಲಭವಾಗಿ ಸಿಕ್ಕಿತು. ಮುಂದಿನ ತಪಾಸಣೆಗೆ ಹೋದಾಗ, ಐಸಿಯುನಲ್ಲಿ ನನ್ನನ್ನು ನೋಡಿಕೊಂಡಿದ್ದ ಜಿನ್ಸಿ ಎಂಬ ಸಿಸ್ಟರ್ ವರಾಂಡದಲ್ಲಿ ಎದುರಾದರು. ನನ್ನ ಬಲಗಡೆಯ ಬೆಡ್ಡಿನಲ್ಲಿ ಯಾರಿದ್ದರು ಎಂದು ಕೇಳಿದೆ.

"ಆ ಕಡೆ ಬೆಡ್ಡೇ ಇಲ್ಲ ಅಂಕಲ್. ಸ್ಟೀಲ್ ಕಪಾಟಿದೆ. ನೀವು ಅದರ ಜೊತೆ ಮಾತಾಡ್ತಿದ್ರಿ."

"ಕಪಾಟಿನ ಜೊತೆ?"

"ತುಂಬಾ ಜನ ಮಾತಾಡ್ತಾರೆ. ಆಪರೇಷನ್ ಆದ ಮೇಲೆ ಎರಡು ಮೂರು ದಿನ ಹಾಗೇ. ಒಬ್ಬರು ಡ್ರಿಪ್ ಸ್ಟ್ಯಾಂಡ್ ಜೊತೆ ಮಗಳ ಮದುವೆ ಮಾತುಕತೆ ಮಾಡಿದ್ರು." ನಗುತ್ತಿದ್ದವರು ನಿಲ್ಲಿಸಿ, "ಆದ್ರೆ ಬಾಟ್ಲಿ ನಿಂತಿದೆ, ಒಳಗೆ ತುಂಬ್ತಾ ಇದೆ ಅಂತ ನೀವೇ ಕೂಗಿದ್ದು. ನಾನೂ ನೋಡೋಕೆ ಬರ್ತಾನೇ ಇದ್ದೆ. ನೀವು ಮೊದಲು ಕೂಗಿದ್ರಿ" ಅಂದರು.

ಸರಿ. ಹೊಳೆಯುವ ಕಪಾಟಿನ ಬಾಗಿಲಲ್ಲಿ ಮೂಡಿದ್ದು ನನ್ನದೇ ಕಾಲು, ನನ್ನದೇ ಬಾಟ್ಲಿ. ಮಾತು ನನ್ನದೇ ತಲೆಯದು. ಹರಿವು ಹಠಾತ್ತನೆ ನಿಂತರೆ ನಳಿಕೆ ಕಟ್ಟಿರಬಹುದೆಂದು ಪ್ರಯೋಗಾಲಯದಲ್ಲಿ ಕಲಿತ ಬುದ್ಧಿ ಬೇರೆ ಯಾರದೋ ದನಿ ಹಾಕಿಕೊಂಡು ನನ್ನನ್ನು ಎಚ್ಚರಿಸಿತು ಎಂದರೆ ಮುಗಿಯಿತು. ಆದರೆ ಆ ದನಿಯಲ್ಲಿ ತೂಬು, ಏರಿ, ತಲೆಕೆಳಗಾದ ಮೀನು ಏಕೆ? ನಾನು ಗದ್ದೆ ಕಂಡ ಮನೆತನದವನಲ್ಲ. ನಮ್ಮಪ್ಪ ಯಶವಂತಪುರದಲ್ಲಿ ರೈಲ್ವೆ ಗುಮಾಸ್ತರು. ನಾನು ಕಂಡ ನೀರೆಲ್ಲ ನಲ್ಲಿಯದು.

ಮತ್ತಿಕೆರೆಯಲ್ಲಿ ಓದುವಾಗ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ನಾಗರಾಜನಿಗೆ ಫೋನ್ ಮಾಡಿದೆ. ಆಗೆಲ್ಲ ಸೈಕಲ್ ಹತ್ತಿ ಸುತ್ತಮುತ್ತಲ ಕೆರೆಗಳಿಗೆ ಈಜಲು ಹೋಗುತ್ತಿದ್ದೆವು.

"ನಾವು ಶೆಟ್ಟಿಹಳ್ಳಿ ಕಡೆ ಕೆರೆಗೆ ಹೋಗಿದ್ವೇನೋ?"

"ಏನ್ ಗುರು, ಎದೆ ಕುಯ್ಸ್ಕೊಂಡು ಮಲ್ಗೋ ಅಂದ್ರೆ ಕೆರೆ ಅಂತೀಯಾ. ಎಲ್ಲಾ ಕೆರೆಗೂ ಹೋಗಿದೀವಿ."

"ಅಲ್ಲಿ ತೂಬಿನ ಕಲ್ಲಲ್ಲಿ ಒಂದು ಮೀನು ಇತ್ತಾ?"

"ನೀರಿಗೆ ಹಾರೋನು ಕಲ್ಲು ಯಾಕ್ ನೋಡ್ತಾನೆ ಮಗಾ. ಇತ್ತು ಅಂದ್ರೆ ಇತ್ತು, ಇಲ್ಲ ಅಂದ್ರೆ ಇಲ್ಲ. ನಿಂಗೆ ಯಾವುದ್ ಬೇಕು ಹೇಳು, ಅದನ್ನೇ ಹೇಳ್ತೀನಿ."

ಗೆಳೆಯರ ನೆನಪು ಇಷ್ಟೇ. ನಮಗೆ ಬೇಕಾದ ಪಾತ್ರೆಯ ಆಕಾರ ತಾಳುತ್ತದೆ. ನನ್ನದು ಮಾತ್ರ ಭಿನ್ನವೆಂದು ಹೇಗೆ ಹೇಳಲಿ? ಈಗಿನ ಮೆದುಳು ಹಳೆಯ ಕೆರೆಯಿಂದ ಒಂದು ಮೀನನ್ನು ಎತ್ತಿ ತಂದಿರಬಹುದು. ಇಲ್ಲವೇ ಮೀನೇ ಇಲ್ಲದಿರಬಹುದು, ಆಗ ಎಲ್ಲವೂ ಸಲೀಸು: ಕಪಾಟು, ಔಷಧದ ಮಂಪರು, ಮಜ್ಜಿಗೆ. ಮೀನು ಇರಬಾರದೆಂದು ನಾನು ಮನಸಾರೆ ಹಾರೈಸಿದೆ ಎಂಬುದನ್ನು ನಿಮ್ಮೊಬ್ಬರಿಗೆ ಹೇಳುತ್ತೇನೆ.

ಬೇಸಗೆಯ ಒಂದು ಮಧ್ಯಾಹ್ನ ವಸುಧಾಳನ್ನು ಕರೆದುಕೊಂಡು ಆಟೋದಲ್ಲಿ ಶೆಟ್ಟಿಹಳ್ಳಿ ದಾಟಿ ಹೋದೆ. ಒಮ್ಮೆ ನೋಡಿ ಬಂದರೆ ಈ ಹುಚ್ಚು ಬಿಡುತ್ತದೆ ಎಂದು ಅವಳೂ ಒಪ್ಪಿದ್ದಳು. ಏರಿಯ ಬುಡದ ಟೀ ಅಂಗಡಿಯವನನ್ನು ನೀರಗಂಟೋರ ಮನೆ ಯಾವುದೆಂದು ಕೇಳಿದೆ. "ಯಾವ್ ನೀರು, ಯಾವ್ ಗಂಟು ಸಾರ್" ಅಂದ. "ನಾನ್ ಬಂದೇ ಎರಡ್ ವರ್ಷ. ಅಳೆ ಮಂದಿ ಎಲ್ಲಾ ಒಳಗಡೆ ಲಿಫ್ಟ್ ಇರೋ ಮನೇಲವ್ರೆ, ಯಾರ್ ಯಾರೂಂತ ಗೊತ್ತಾಗಲ್ಲ." ಹೆಸರು ಕೇಳಿದರೆ ನನ್ನ ಬಳಿ ಹೆಸರಿರಲಿಲ್ಲ, ಮುಖ ಕೇಳಿದರೆ ಮುಖವೂ ಇರಲಿಲ್ಲ. ನಾನು ಹುಡುಕುತ್ತಿದ್ದದ್ದು ಒಂದು ದನಿಯ ವಿಳಾಸವನ್ನು.

ಏರಿಯ ಮೇಲೆ ಈಗ ನಡಿಗೆಯ ಹಾದಿ, ಕಬ್ಬಿಣದ ಬೇಲಿ. ನೀರು ತಳಕ್ಕಿಳಿದು ಹಸಿರು ಪಾಚಿ ಕಟ್ಟಿ ನಿಂತಿತ್ತು. ನಡು ಏರಿಯ ಹತ್ತಿರ, ಕೆಸರಿನಿಂದ ಎದ್ದ ಎರಡು ಕಲ್ಲುಕಂಬಗಳು, ನಡುವೆ ಅಡ್ಡ ಹಾಸಿದ ಚಪ್ಪಡಿ. ತೂಬು. ಹಕ್ಕಿಯ ಹಿಕ್ಕೆ, ಹಳೆಯ ನೀರಿನ ಮಟ್ಟಗಳ ಬಿಳಿ ಪಟ್ಟೆಗಳು. ನಾನು ಬೇಲಿ ಹಿಡಿದು ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದೆ. ಮೊದಲು ಕಂಡದ್ದು ವಸುಧಾಳಿಗೆ. ನನ್ನ ತೋಳು ಹಿಡಿದಳು, ಅಷ್ಟೇ. ಆ ಹಿಡಿತದಿಂದಲೇ ಯಾವ ಕಡೆ ನೋಡಬೇಕೆಂದು ತಿಳಿಯಿತು. ಬೇಲಿಯಿಂದ ನನ್ನ ಕೈ ಬಿಡಿಸಿ, "ರೀ, ಮನೆಗೆ ಹೋಗೋಣ" ಅಂದಳು. ಆಮೇಲೆ, ಆಟೋ ಹೆಬ್ಬಾಳದ ಮೇಲ್ಸೇತುವೆ ಹತ್ತುವಾಗ, ನನ್ನ ಕಡೆ ನೋಡದೆ, "ಅವರು ಚೆನ್ನಾಗಿರ್ಲಿ" ಅಂದಳು.

ಈಗ ಡಬರಿಯ ನೀರನ್ನು ನಾನು ಪೂರ್ತಿ ಕುಡಿಯುವುದಿಲ್ಲ. ಒಂದು ಗುಟುಕು ಉಳಿಸುತ್ತೇನೆ. ಯಾರಿಗೆಂದು ನೀವು ಕೇಳಿದರೆ ವಿಜ್ಞಾನದ ಹುಡುಗರ ಮುಂದೆ ಹೇಳುವಂಥ ಉತ್ತರ ನನ್ನಲ್ಲಿಲ್ಲ. ವಸುಧಾ ಅದನ್ನು ಕರಿಬೇವಿನ ಗಿಡಕ್ಕೆ ಚೆಲ್ಲಿ, ಡಬರಿ ತೊಳೆದು, ಕಟ್ಟೆಯ ಮೇಲೆ ಬೋರಲು ಹಾಕುತ್ತಾಳೆ. ಒಳಗಿನ ಕತ್ತಲಲ್ಲಿ ಗೆರೆಯೂ ಬೋರಲು: ಅರ್ಧಕ್ಕಿಂತ ಮೇಲಿದ್ದದ್ದು ಆಗ ಅರ್ಧಕ್ಕಿಂತ ಕೆಳಗೆ. ಹಾಗೆ ಅಳೆದರೆ ನನ್ನ ಪಾಲು ಇನ್ನೂ ಕಡಿಮೆ, ಮತ್ತು ಬಹುಶಃ ಇನ್ನೂ ಕ್ಷೇಮ.

ಪರದೆಯ ಆಚೆ ಯಾರಾದರೂ ಇದ್ದರೇ, ಗೊತ್ತಿಲ್ಲ. ಇದ್ದರೆ ಈಗ ಎಲ್ಲಿದ್ದಾರೆ, ಗೊತ್ತಿಲ್ಲ. ಹುಡುಗನಾಗಿದ್ದಾಗ ನಾನು ಆ ನೀರಿಗೆ ಹಾರಿದ್ದೆನೇ, ಹಾರುವ ಮುನ್ನ ಕಲ್ಲು ನೋಡಿದ್ದೆನೇ, ಅದೂ ಗೊತ್ತಿಲ್ಲ. ಖುದ್ದಾಗಿ ಹೋಗಿ, ಹಗಲು ಬೆಳಕಿನಲ್ಲಿ, ಇನ್ನೊಬ್ಬರ ಕಣ್ಣಿನ ಸಾಕ್ಷಿಯೊಡನೆ ನೋಡಿ ಖಚಿತಪಡಿಸಿಕೊಂಡದ್ದು ಇಷ್ಟು: ಎಡಗಡೆಯ ಕಂಬದಲ್ಲಿ ಮೀನಿದೆ, ಬಾಲ ಮೇಲೆ, ಬಾಯಿ ಕೆಳಗೆ.